ಮಿಲಿಟರಿ ಇಂಜಿನ್ನಿನ ನೀರುಗಾಜು

ಬಾಯ್ಲರ್ ಎಂದರೆ ನನಗೆ ಹೆದರಿಕೆ. ಬಾಯ್ಲರ್ ನಡೆಸುವ ಪರೀಕ್ಷೆ ಪಾಸು ಮಾಡಿದವಳು, ಅದರಿಂದಲೇ ಅನ್ನ ತಿನ್ನುವವಳು ಹೀಗೆ ಬರೆಯಬಾರದು ಅನ್ನುವವರಿದ್ದಾರೆ. ಆದರೂ ಬರೆಯುತ್ತೇನೆ. ಕಾರ್ಖಾನೆಯ ದೊಡ್ಡ ಬಾಯ್ಲರಿಗೆ ಹತ್ತಾರು ಮೀಟರುಗಳಿವೆ, ಕೂಗುವ ಗಂಟೆಗಳಿವೆ, ನೀರು ತಪ್ಪಿದರೆ ತಾನೇ ಬೆಂಕಿ ನಿಲ್ಲಿಸಿಕೊಳ್ಳುವ ಏರ್ಪಾಡು ಇದೆ. ನಾನು ಹೇಳಲಿರುವುದು ಎತ್ತಿನ ಗಾಡಿಗಿಂತ ತುಸು ಉದ್ದವಿದ್ದ ಒಂದು ಹಳೆಯ ಬಾಯ್ಲರಿನ ವಿಷಯ. ನೀರು ಎಷ್ಟಿದೆ ಎಂದು ಕಣ್ಣಿಗೆ ತೋರಿಸಲು ಅದಕ್ಕೆ ಇದ್ದದ್ದು ಒಂದು ಗಾಜಿನ ಕೊಳವೆ, ಕಾಯಲು ನಾವು ಮೂವರು.

ಕಾರ್ಖಾನೆಯ ದಾಖಲೆಯಲ್ಲಿ ಆ ಇಂಜಿನ್ನಿಗೆ ಒಂದು ನಂಬರು. ಕೆಲಸಗಾರರ ಬಾಯಲ್ಲಿ ಅದು ‘ಮಿಲಿಟರಿ’. ಮೊದಲ ಮಹಾಯುದ್ಧದಲ್ಲಿ ಕಂದಕಗಳ ತನಕ ಮದ್ದುಗುಂಡು, ರೊಟ್ಟಿ, ನೀರು ಒಯ್ಯಲು ಎರಡೇ ಅಡಿ ಅಗಲದ ಹಳಿ ಹಾಕಿದ್ದರು. ಆ ಹಳಿಗೆಂದೇ ಮಾಡಿದ ಉಗಿಬಂಡಿಗಳಲ್ಲಿ ಇದೂ ಒಂದು. ಯುದ್ಧ ಮುಗಿದ ಮೇಲೆ ಹಡಗು ಹತ್ತಿ ಈ ದೇಶಕ್ಕೆ ಬಂದು, ಮಹಾರಾಷ್ಟ್ರದಲ್ಲಿ ಎಲ್ಲೋ ದುಡಿದು, ಕೊನೆಗೆ ಮುಧೋಳದಿಂದ ಜಮಖಂಡಿಗೆ ಹೋಗುವ ರಸ್ತೆಯ ಬದಿಯ ನಮ್ಮ ಸಕ್ಕರೆ ಕಾರ್ಖಾನೆಗೆ ಕಬ್ಬು ಎಳೆಯಲು ಬಂತು. ಟ್ರ್ಯಾಕ್ಟರುಗಳು ಬಂದ ಮೇಲೆ ಬೇವಿನ ಮರದ ಕೆಳಗೆ ನಿಂತುಬಿಟ್ಟಿತು. ಅದರ ಚೌಕಟ್ಟಿನ ಮೇಲೆ ಬ್ರಿಟಿಷ್ ಸೇನೆಯ ಬಾಣದ ಗುರುತು ಇನ್ನೂ ಇದೆ. ಬಣ್ಣ ಕೆರೆದರೆ ಬೆರಳಿಗೆ ಸಿಗುತ್ತದೆ.

ಕಬ್ಬು ಅರೆಯುವ ಹಂಗಾಮು ಶುರುವಾಗುವ ಮುಂಚೆ ಸಕ್ಕರೆ ಕಾರ್ಖಾನೆಗಳಲ್ಲಿ ಬಾಯ್ಲರ್ ಪ್ರದೀಪನ ಮಾಡುತ್ತಾರೆ. ಪೂಜೆ ಮಾಡಿ, ಕಾಯಿ ಒಡೆದು, ಹಿರಿಯರ ಕೈಯಿಂದ ಮೊದಲ ಬೆಂಕಿ ಇಡಿಸುತ್ತಾರೆ. ಆ ವರ್ಷದ ಪ್ರದೀಪನಕ್ಕೆ ಮಿಲಿಟರಿಯನ್ನೂ ನಡೆಸಬೇಕು, ಹಿಂದೆ ಒಂದು ಡಬ್ಬಿ ಕಟ್ಟಿ ಸಾಲೆಯ ಮಕ್ಕಳನ್ನು ಕೂರಿಸಬೇಕು ಎಂದು ಜನರಲ್ ಮ್ಯಾನೇಜರರು ತೀರ್ಮಾನಿಸಿದರು. ಕೆಲಸ ನನ್ನ ಪಾಲಿಗೆ ಬಂತು. ನಾನು ಸಾವಳಗಿ ಕಡೆಯ ಕುರಿಗಾರರ ಮನೆಯವಳು. ನಮ್ಮ ಮನೆತನದಲ್ಲಿ ಹತ್ತನೇ ಇಯತ್ತೆ ದಾಟಿದವಳು ನಾನೊಬ್ಬಳೇ. ಹೆಸರಿನ ಮುಂದೆ ಬಿ.ಇ. ಅಂತ ಬರೆಯುವಾಗ ಇವತ್ತಿಗೂ ಅಕ್ಷರ ಒಂದಿಷ್ಟು ದೊಡ್ಡದಾಗುತ್ತದೆ. ಈ ಕೆಲಸವನ್ನು ಬೇರೆಯವರಿಗೆ ಕೊಡಲಿಲ್ಲ ಎಂದು ಒಳಗೊಳಗೇ ಉಬ್ಬಿದ್ದೆ. ಮುಂದೆ ಆದದ್ದಕ್ಕೆ ಆ ಉಬ್ಬೂ ಒಂದು ಕಾರಣ, ಅದಕ್ಕೇ ಹೇಳುತ್ತಿದ್ದೇನೆ.

ನನ್ನ ಜೊತೆಗೆ ಇಬ್ಬರನ್ನು ಕೊಟ್ಟರು. ಒಬ್ಬರು ನಿವೃತ್ತರಾದ ಹಿರಿಯ ಮಿಸ್ತ್ರಿ. ಅವರ ತಂದೆ ಇದೇ ಇಂಜಿನ್ನಿನ ಡ್ರೈವರ್ ಆಗಿದ್ದರು, ಇವರು ಬೆಳೆದದ್ದೇ ಅದರ ಮೇಲೆ. ಕಬ್ಬಿಲ್ಲದ ತಿಂಗಳುಗಳಲ್ಲಿ ಬನಹಟ್ಟಿಯಲ್ಲಿ ನೂಲಿಗೆ ಗಂಜಿ ಹಾಕುವ ಕಾರ್ಖಾನೆಗಳ ಸಣ್ಣ ಬಾಯ್ಲರುಗಳನ್ನು ರಿಪೇರಿ ಮಾಡಿ ಹೊಟ್ಟೆ ಹೊರೆದವರು. ಇನ್ನೊಬ್ಬರು ಚಿಮ್ಮಡದ ಫೈರ್‌ಮನ್, ಐವತ್ತು ದಾಟಿದವರು, ಬೀರಪ್ಪನ ಭಕ್ತರು, ಮಾತು ಕಡಿಮೆ.

ಇಂಜಿನ್ನಿನ ನೀರಿನ ತೊಟ್ಟಿಯ ಎಡಬದಿಗೆ ಮುಷ್ಟಿಯಷ್ಟು ದೊಡ್ಡ ತಗ್ಗು ಇತ್ತು. ಮೊದಲ ದಿನವೇ ಮಿಸ್ತ್ರಿ ಅದನ್ನು ಸವರಿ ತೋರಿಸಿದರು. ಮೇಡಂ ಎನ್ನುವ ಕಡೆ ಅವರು ಬಾಯಾರ ಎನ್ನುತ್ತಿದ್ದರು.

“ಲಡಾಯ್ದಾಗ ಜರ್ಮನಿ ಗುಂಡ ಬಡದದ್ದರಿ ಬಾಯಾರ ಇದು.”

“ನಮ್ಮ ಮಾವನ ಕಬ್ಬಿನ ಗಾಡಿ ಮೂಕಿ ಬಡದದ್ದು,” ಎಂದರು ಫೈರ್‌ಮನ್, ಕೆಲಸದಿಂದ ತಲೆ ಎತ್ತದೆ. “ಕಣ್ಣಾರೆ ನೋಡೇನಿ. ಅವತ್ತ ಮಾವಗ ನಿಮ್ಮಪ್ಪ ಹಿಡಕೊಂಡ ಬೈದಿದ್ದ.”

ಮಿಸ್ತ್ರಿ ಮರುದಿನ ಬೇರೊಬ್ಬರಿಗೆ ಅದೇ ತಗ್ಗು ತೋರಿಸಿ ಜರ್ಮನಿ ಗುಂಡು ಎಂದೇ ಹೇಳುತ್ತಿದ್ದರು.

ಎರಡು ತಿಂಗಳು ಆ ಬಾಯ್ಲರನ್ನು ಅಂಗುಲ ಅಂಗುಲ ನೋಡಿದೆವು. ಮೇಲಿನ ತಗಡು ಬಿಚ್ಚಿ, ಗೇಣು ಗೇಣಿಗೆ ಒಂದು ಚುಕ್ಕೆ ಉಜ್ಜಿ ಬೆಳ್ಳಗೆ ಮಾಡಿ, ದಪ್ಪ ಅಳೆಯುವ ಯಂತ್ರ ಇಟ್ಟು, ಸೀಮೆಸುಣ್ಣದಿಂದ ಅಂಕಿ ಬರೆದೆ. ಬೆಂಕಿ ಉರಿಯುವ ಭಾಗಕ್ಕೆ ನಮ್ಮ ಕಡೆ ಭಟ್ಟಿ ಎನ್ನುತ್ತಾರೆ. ಭಟ್ಟಿಯ ಸುತ್ತಲೂ ಮೇಲೂ ನೀರು ನಿಂತಿರುತ್ತದೆ. ಅದರ ಗೋಡೆಯನ್ನೂ ಹೊರಗಿನ ಗೋಡೆಯನ್ನೂ ನೂರಾರು ಬೋಲ್ಟುಗಳು ಹಿಡಿದಿರುತ್ತವೆ. ಒಂದೊಂದಕ್ಕೂ ಸುತ್ತಿಗೆ ಬಡಿದು ಕೇಳಬೇಕು. ಗಟ್ಟಿ ಇದ್ದದ್ದು ಠಣ್ ಎನ್ನುತ್ತದೆ, ತುಂಡಾದದ್ದು ಬೊದ್ ಎನ್ನುತ್ತದೆ. ಕುರಿಯ ಹೊಟ್ಟೆ ಉಬ್ಬಿದಾಗ ನಮ್ಮಪ್ಪ ಎಡಪಕ್ಕೆಗೆ ಬೆರಳು ಬಡಿದು, ತಲೆ ವಾರೆ ಮಾಡಿ ಕೇಳುತ್ತಿದ್ದರು. ಭಟ್ಟಿಯೊಳಗೆ ಮಂಡಿಯೂರಿ ಕೂತಾಗ ನನ್ನ ತಲೆಯೂ ಅದೇ ಕಡೆ ವಾಲಿದ್ದು ಗೊತ್ತಾಯಿತು. ಒಂಬತ್ತು ಬೋಲ್ಟು ಬೊದ್ ಎಂದವು. ಬದಲಾಯಿಸಿದೆವು. ಭಟ್ಟಿಯ ಚಾವಣಿಗೆ ಸೀಸ ತುಂಬಿದ ಹೊಸ ಪ್ಲಗ್ಗು ಹಾಕಿದೆವು. ನೀರು ಚಾವಣಿಗಿಂತ ಕೆಳಗಿಳಿದರೆ ಸೀಸ ಕರಗಿ, ಉಗಿ ಬೆಂಕಿಯ ಮೇಲೆ ನುಗ್ಗಿ ಎಚ್ಚರಿಸುತ್ತದೆ.

ಎಚ್ಚರಿಸುತ್ತದೆ ಎಂದು ಪುಸ್ತಕದಲ್ಲಿದೆ. ತಡವಾಗಿಯೂ ಎಚ್ಚರಿಸಬಹುದು ಎಂದೂ ಅದೇ ಪುಸ್ತಕದಲ್ಲಿದೆ.

ನೀರು ನೋಡುವ ಗಾಜಿನ ಕೊಳವೆಗಳು ಎರಡು ಇರಬೇಕಿತ್ತು. ಒಂದರ ಹಿತ್ತಾಳೆ ಕವಾಟ ಸೀಳಿತ್ತು, ಅದಕ್ಕೆ ಸರಿಹೊಂದುವ ಬಿಡಿಭಾಗ ಕೊಲ್ಲಾಪುರದಲ್ಲೂ ಸಿಗಲಿಲ್ಲ. ಸದ್ಯ ಮುಚ್ಚಳ ಹಾಕೋಣ, ಆಮೇಲೆ ಮಾಡಿಸೋಣ ಎಂದವಳು ನಾನೇ.

ಮೊದಲ ಒತ್ತಡ ಪರೀಕ್ಷೆ ಮಾಡಿದ ದಿನ ನೆನಪಿದೆ. ಬಾಯ್ಲರಿನಲ್ಲಿ ತಣ್ಣೀರು ಕಂಠಮಟ್ಟ ತುಂಬಿ, ಗಾಳಿ ಪೂರಾ ಹೊರಗೆ ಹಾಕಿ, ಕೈಪಂಪಿನಿಂದ ಒತ್ತಡ ಏರಿಸುತ್ತಾರೆ. ನಡೆಸುವ ಒತ್ತಡ ನೂರು ಪೌಂಡು ಎಂದು ಇಳಿಸಿಕೊಂಡಿದ್ದೆವು, ಆದ್ದರಿಂದ ಪರೀಕ್ಷೆ ನೂರೈವತ್ತಕ್ಕೆ. ಏರಿಸಿ ಪಂಪು ಬಿಟ್ಟರೆ ಮಾಪಕದ ಸೂಜಿ ಅಲ್ಲಾಡಬಾರದು. ನಾಲ್ಕೇ ನಿಮಿಷಕ್ಕೆ ನೂರಮೂವತ್ತಕ್ಕೆ ಬಿತ್ತು. ಬೆಂಕಿಯ ಬಿಸಿ ಹಾಯುವ ಎಂಬತ್ತು ಚಿಲ್ಲರೆ ಕೊಳವೆಗಳಲ್ಲಿ ಹನ್ನೊಂದರ ತುದಿಗಳು ಅಳುತ್ತಿದ್ದವು. ಒಂದೊಂದು ತುದಿಯಿಂದ ನೀರು ಎಳೆಯಾಗಿ ಇಳಿಯುತ್ತಿತ್ತು.

ಆಗಲೇ ಮ್ಯಾನೇಜರರು ಬಂದು ನಿಂತಿದ್ದರು. ಎಲ್ಲ ಕೊಳವೆ ಬದಲಾಯಿಸಬೇಕಾದೀತು, ಅದಕ್ಕೆ ಈ ಹಂಗಾಮು ಸಾಲದು ಎಂದೆ. ಅವರು ಸಿಟ್ಟಾಗಲಿಲ್ಲ. ಪ್ರದೀಪನಕ್ಕೆ ಉಗಿ ಬರದಿದ್ದರೆ ಈ ಜಾಗ ಎಥೆನಾಲ್ ಟ್ಯಾಂಕಿಗೆ ಹೋಗುತ್ತದೆ, ಇಂಜಿನ್ನು ಗುಜರಿಗೆ ಹೋಗುತ್ತದೆ, ಇದನ್ನು ಮೇಲಿನವರು ಆಗಲೇ ನಿಶ್ಚಯಿಸಿದ್ದಾರೆ ಎಂದು ಮೆತ್ತಗೆ ಹೇಳಿದರು. ಮಿಸ್ತ್ರಿ ನನ್ನ ಹಿಂದೆಯೇ ಇದ್ದರು. ಅವತ್ತು ಚಹಾ ಬಂದಾಗ ಕುಡಿಯದೆ ಸೈಕಲ್ ಹತ್ತಿ ಹೋದರು.

ನಾನು ಎರಡು ದಿನ ಭಟ್ಟಿಯೊಳಗೂ ಮುಂದಿನ ಹೊಗೆಪೆಟ್ಟಿಗೆಯೊಳಗೂ ಕೂತು, ಅಳುತ್ತಿದ್ದ ಹನ್ನೊಂದು ತುದಿಗಳನ್ನು ಉರುಳೆ ಎಂಬ ಉಪಕರಣ ಒಳಗೆ ಹಾಕಿ ತಿರುಗಿಸಿ, ಹಿಗ್ಗಿಸಿ ಬಿಗಿ ಮಾಡಿದೆ. ಕೈಗೆ ಬೊಕ್ಕೆ ಬಂದವು. ಮಿಸ್ತ್ರಿ ಹೊರಗೆ ನೀರು ತುಂಬಿಸುವ ಕೆಲಸ ನೋಡಿಕೊಂಡರು. ಮತ್ತೆ ಒತ್ತಡ ಏರಿಸಿದೆವು. ಅರ್ಧ ಗಂಟೆ ಸೂಜಿ ನೂರೈವತ್ತರ ಮೇಲೆ ಮೊಳೆ ಹೊಡೆದಂತೆ ನಿಂತಿತು.

ಒಂದು ತುದಿಯಲ್ಲಿ ಕಂದು ಹನಿಯೊಂದು ಇತ್ತು. ಬೆರಳಿಂದ ಒರೆಸಿದೆ. ಬೆರಳು ನುಣ್ಣಗೆ ಜಾರಿತು. ತುಕ್ಕು ಎಂದುಕೊಂಡೆ. ತುಕ್ಕು ಜಾರುವುದಿಲ್ಲ, ಅದು ನನಗೆ ಗೊತ್ತು. ಆದರೆ ಆ ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಇದ್ದದ್ದು ನಾನು ಉರುಳೆ ಹಾಕಿದ ಹನ್ನೊಂದು ಕೊಳವೆ. ನಾನು ಮಾಡಿದ ಕೆಲಸ ನಿಂತಿದೆ ಎಂದು ನಂಬುವುದು ಸಲೀಸಾಗಿತ್ತು. ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ. ಆ ವಾರವೇ ಬಾಯ್ಲರ್ ಇನ್‌ಸ್ಪೆಕ್ಟರರು ಬಂದು ಅದೇ ನೀರಿನ ಮೇಲೆ ಪರೀಕ್ಷೆ ಮಾಡಿದರು. ಸೂಜಿ ಅವರ ಎದುರಿಗೂ ನಿಂತಿತು. ಅವರು ನೋಡಿದ್ದನ್ನು ಅವರು ಬರೆದರು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಪ್ರದೀಪನಕ್ಕೆ ನಾಲ್ಕು ದಿನ ಮೊದಲು ಉಗಿ ಹಾಕಿ ನೋಡುವುದೆಂದು ಮಾಡಿದೆವು. ಬೆಳಿಗ್ಗೆ ಆರಕ್ಕೆ ಜಾಲಿ ಕಟ್ಟಿಗೆ ಇಟ್ಟು ನಿಧಾನವಾಗಿ ಕಾಯಿಸಿದೆವು. ಫೈರ್‌ಮನ್ ಭಟ್ಟಿಯ ಬಾಗಿಲಿಗೆ ಅರಿಶಿನದ ಬಂಡಾರ ಹಚ್ಚಿ, ಬೀರಪ್ಪನನ್ನು ನೆನೆದು, ಉಳಿದದ್ದನ್ನು ನನ್ನ ಹಣೆಗೂ ಹಚ್ಚಿದರು. ಹತ್ತರ ಹೊತ್ತಿಗೆ ಕಲ್ಲಿದ್ದಲು ಹಾಕಿದೆವು. ಒತ್ತಡ ತೊಂಬತ್ತು ಮುಟ್ಟಿತು. ಮಿಸ್ತ್ರಿ ಸೀಟಿ ಎಳೆದರು. ಎಷ್ಟೋ ವರ್ಷಗಳ ಮೇಲೆ ಅದು ಕೂಗಿತು, ಬೇವಿನ ಮರದ ಹಕ್ಕಿಗಳೆಲ್ಲ ಎದ್ದು ಹೋದವು. ಮಿಸ್ತ್ರಿಯ ಕೈ ಸೀಟಿಯ ಸರಪಳಿ ಬಿಡಲೇ ಇಲ್ಲ.

ಅಂಗಳದಲ್ಲಿ ನೂರು ಮೀಟರು ಹಳಿ ಉಳಿದಿತ್ತು. ಅದರ ಮೇಲೆ ಮುಂದೆ ಹಿಂದೆ ಓಡಿಸಿದೆವು. ಕೆಲಸಗಾರರು ಸಾಲಾಗಿ ನಿಂತು ನೋಡುತ್ತಿದ್ದರು, ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ಡ್ರೈವರಿನ ಜಾಗದಲ್ಲಿ ಮಿಸ್ತ್ರಿ, ಸಲಿಕೆ ಹಿಡಿದು ಫೈರ್‌ಮನ್, ನೀರುಗಾಜಿನ ಎದುರು ನಾನು. ಗಾಜಿನ ಹಿಂದಿನ ಹಲಗೆಯ ಮೇಲೆ ಅರ್ಧಕ್ಕೆ ಸೀಮೆಸುಣ್ಣದ ಗೆರೆ ಎಳೆದಿದ್ದೆ.

ಮೊದಲು ಗಮನಿಸಿದ್ದು ಚಿಮಣಿಯನ್ನು. ಹೊಗೆ ತೀರ ಬೆಳ್ಳಗಿತ್ತು. ಹಸಿ ಕಟ್ಟಿಗೆ ಇರಬೇಕು ಎಂದರು ಮಿಸ್ತ್ರಿ. ಕಟ್ಟಿಗೆ ಹಾಕಿ ಎರಡು ಗಂಟೆಯ ಮೇಲಾಗಿತ್ತು.

ಆಮೇಲೆ ಗಾಜು ನೋಡಿದೆ. ನೀರು ಗೆರೆಗಿಂತ ಒಂದು ಬೆರಳು ಮೇಲಿತ್ತು.

ಇದರ ಅರ್ಥ ತಲೆಗೆ ಹತ್ತಲು ಒಂದಿಷ್ಟು ಹೊತ್ತು ಬೇಕಾಯಿತು. ಒಂದೂಕಾಲು ಗಂಟೆಯಿಂದ ಓಡಿಸುತ್ತಿದ್ದೆವು. ಉಗಿ ಖರ್ಚಾಗುತ್ತಿತ್ತು. ಅಷ್ಟು ಹೊತ್ತೂ ಬಾಯ್ಲರಿಗೆ ಒಂದು ಹನಿ ನೀರು ಬಿಟ್ಟಿರಲಿಲ್ಲ, ಯಾಕೆಂದರೆ ಗಾಜಿನಲ್ಲಿ ಸಾಕಷ್ಟು ಇತ್ತು. ಇಳಿಯಬೇಕಾದ ನೀರು ಏರಿತ್ತು. ಇನ್ನೂ ಒಂದು ಮಾತು: ಜೀವಂತ ಬಾಯ್ಲರಿನ ಗಾಜಿನಲ್ಲಿ ನೀರು ಸುಮ್ಮನೆ ಇರುವುದಿಲ್ಲ. ಇಂಜಿನ್ನು ಜಗ್ಗಿದಾಗೆಲ್ಲ ಕುಣಿಯುತ್ತದೆ. ಇದು ಸೀಸೆಯಲ್ಲಿಟ್ಟ ಎಣ್ಣೆಯ ಹಾಗೆ ನಿಂತಿತ್ತು.

ನಿಲ್ಲಿಸಲು ಹೇಳಿದೆ. ಮಿಸ್ತ್ರಿ ಬ್ರೇಕು ಹಾಕಿದರು. ಗಾಜಿನ ಮೇಲ್ತುದಿ ಬಾಯ್ಲರಿನ ಉಗಿಗೆ, ಕೆಳತುದಿ ನೀರಿಗೆ ಕೂಡಿರುತ್ತದೆ. ಮೇಲಿನ ನಲ್ಲಿ ಮುಚ್ಚಿ ಗಾಜಿನ ತಳದ ನಲ್ಲಿ ಬಿಚ್ಚಿದೆ. ಕೆಳದಾರಿ ತೆರೆದಿದ್ದರೆ ಬಿಸಿನೀರು ಅಬ್ಬರಿಸಿ ಬರಬೇಕು. ಗಾಜಿನಲ್ಲಿದ್ದಷ್ಟು ನೀರು ಬುಳಕ್ಕನೆ ಬಿತ್ತು. ಅದರ ಹಿಂದೆ ಜೊಲ್ಲಿನಂಥ ಕಂದು ಎಳೆಯೊಂದು ಇಳಿದು ತೂಗಾಡಿತು. ಮತ್ತೇನೂ ಬರಲಿಲ್ಲ. ಕೆಳದಾರಿ ಕಟ್ಟಿಕೊಂಡಿತ್ತು. ಮೇಲಿನಿಂದ ಬಂದ ಉಗಿ ಗಾಜಿನಲ್ಲೇ ತಣಿದು ನೀರಾಗಿ ಏರುತ್ತಿತ್ತು. ಅಷ್ಟು ಹೊತ್ತು ನಾನು ನೋಡುತ್ತಿದ್ದದ್ದು ಬಾಯ್ಲರಿನ ನೀರನ್ನಲ್ಲ.

ಪಕ್ಕದಲ್ಲಿ ಒಂದರ ಕೆಳಗೊಂದು ಮೂರು ಪರೀಕ್ಷೆಯ ನಲ್ಲಿಗಳಿದ್ದವು. ಎಲ್ಲಕ್ಕಿಂತ ಕೆಳಗಿನದರಲ್ಲಿ ಯಾವಾಗಲೂ ನೀರು ಬರಬೇಕು. ಬಿಚ್ಚಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅದೇ ಜೊಲ್ಲು. ಆಮೇಲೆ ಒಣ ಉಗಿ, ಕಣ್ಣಿಗೆ ಕಾಣದಷ್ಟು ಒಣ.

ಭಟ್ಟಿಯ ಎದುರು ನಿಂತು ಚಳಿಯಾದದ್ದು ಅದೊಂದೇ ಸಲ.

ನನ್ನ ಮುಖ ನೋಡಿಯೇ ಮಿಸ್ತ್ರಿಗೆ ಗೊತ್ತಾಯಿತು. ಅವರ ಕೈ ಇಂಜೆಕ್ಟರಿನ ಹಿಡಿಕೆಗೆ ಹೋಯಿತು. ತೊಟ್ಟಿಯ ನೀರನ್ನು ಬಾಯ್ಲರಿಗೆ ನುಗ್ಗಿಸುವ ಹಿಡಿಕೆ ಅದು. ನೀರು ಕಡಿಮೆ ಎಂದರೆ ಯಾರ ಕೈಯಾದರೂ ಅಲ್ಲಿಗೇ ಹೋಗುತ್ತದೆ. ನಾನು ಎರಡೂ ಕೈಯಿಂದ ಅವರ ಮಣಿಕಟ್ಟು ಹಿಡಿದೆ.

“ಕಾಕಾ, ಕೈ ತಗೀರಿ. ನೀರ ಬಿಡಬ್ಯಾಡ್ರಿ.”

“ನೀರ ಇಲ್ಲಂದ್ರ ನೀರ ಬಿಡಬೇಕಲ್ಲ ಯವ್ವಾ?”

“ಚಾವಣಿ ಬರಿದಾಗಿದ್ರ ಕೆಂಪಗ ಕಾದಿರತೈತಿ. ಅದರ ಮ್ಯಾಲ ತಣ್ಣೀರ ಬಿದ್ರ ನಾವ್ ಮೂರೂ ಮಂದಿ ಇರಂಗಿಲ್ಲ.”

ಚಾವಣಿ ಬರಿದಾಗಿದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಒಂದು ಅಂಗುಲ ನೀರು ಉಳಿದಿರಬಹುದು; ಆಗ ನೀರು ಬಿಟ್ಟರೆ ಒಳ್ಳೆಯದು. ಉಳಿದಿರದಿದ್ದರೆ ಬಿಟ್ಟವರೇ ಸಾಯುವವರು. ಇಣುಕಿ ನೋಡುವ ದಾರಿ ಇಲ್ಲ. ಗೊತ್ತಿಲ್ಲದಿದ್ದಾಗ ನೀರು ಬಿಡಬೇಡ, ಉಗಿ ಬಿಡಬೇಡ, ಬೆಂಕಿ ಕೊಲ್ಲು ಎಂದು ಕಲಿತಿದ್ದೆ. ಪರೀಕ್ಷೆಯಲ್ಲಿ ಇದಕ್ಕೆ ಪೂರ್ತಿ ಅಂಕ ಬಂದಿತ್ತು. ಬರೆಯುವಾಗ ಬೆಂಕಿಯನ್ನು ಕೊಲ್ಲುವವರು ಎಲ್ಲಿ ನಿಂತಿರಬೇಕು ಎಂದು ಯೋಚಿಸಿರಲಿಲ್ಲ. ಅವರು ಭಟ್ಟಿಯ ಬಾಯಿಗೇ ನಿಂತಿರಬೇಕು.

ನೋಡುತ್ತಿದ್ದವರಿಗೆಲ್ಲ ಕಬ್ಬಿನ ಗಾಡಿ ತೂಗುವ ತೂಕದ ಮನೆಯ ಆಚೆಗೆ ಹೋಗಲು ಕೂಗಿ ಹೇಳಿದೆ. ಕೆಲವರು ನಕ್ಕರು. ಆಮೇಲೆ ನನ್ನ ದನಿ ಕೇಳಿ ಓಡಿದರು. ದೊಡ್ಡ ಬಾಯ್ಲರಿನ ಹೋದ ಹಂಗಾಮಿನ ಬೂದಿ ಮಳೆಗೆ ನೆನೆದು ಹಳಿಯ ಪಕ್ಕದಲ್ಲೇ ರಾಶಿ ಬಿದ್ದಿತ್ತು. ಸಲಿಕೆ ಕೈಗೆ ತೆಗೆದುಕೊಂಡು, ಫೈರ್‌ಮನ್ನರಿಗೆ ಅದನ್ನು ಬುಟ್ಟಿಯಲ್ಲಿ ತುಂಬಿ ಮೇಲಕ್ಕೆ ಕೊಟ್ಟು ದೂರ ಹೋಗಿ, ನಾನು ಹಾಕುತ್ತೇನೆ ಎಂದೆ. ಅವರು ನನ್ನ ಕೈಯಿಂದ ಸಲಿಕೆ ಕಿತ್ತುಕೊಂಡರು.

“ಸಲಿಕಿ ಹಿಡದ ಮೂವತ್ತ ವರ್ಷ ಆತು. ನೀವ್ ಬುಟ್ಟಿ ಕೊಡ್ರಿ.”

ಗಾಳಿಯ ಬಾಗಿಲು ಮುಚ್ಚಿ, ಭಟ್ಟಿಯ ಬಾಗಿಲು ತೆಗೆದೆವು. ಒಳಗೆ ಬೆಂಕಿ ಬೆಳ್ಳಗೆ ಉರಿಯುತ್ತಿತ್ತು. ಕೊಳವೆಗಳ ತುದಿಯಿಂದ ನೀರು ಸಿಡಿದು ಚುಯ್ ಚುಯ್ ಎನ್ನುವುದು ಈಗ ಕೇಳಿಸಿತು; ಚಿಮಣಿಯ ಬಿಳುಪು ಈ ಹಬೆಯದು. ಮೊದಲ ಸಲಿಕೆ ಬೂದಿಗೆ ಹಬೆ ಹೊರಕ್ಕೆ ನುಗ್ಗಿ ನನ್ನ ಮುಂಗೈ ಸುಟ್ಟಿತು. ಎಷ್ಟು ಬುಟ್ಟಿ ಎತ್ತಿಕೊಟ್ಟೆನೋ ಲೆಕ್ಕವಿಲ್ಲ. ಒಂದೊಂದು ಬುಟ್ಟಿಗೂ ಇದೇ ಕೊನೆಯದು ಎಂದು ಅನಿಸುತ್ತಿತ್ತು. ಧೈರ್ಯ ಎನ್ನುವುದು ನನಗೆ ಎಲ್ಲೂ ಕಾಣಲಿಲ್ಲ. ಕೈ ಬುಟ್ಟಿ ಎತ್ತುತ್ತಿತ್ತು, ಅಷ್ಟೇ. ಮಿಸ್ತ್ರಿಯನ್ನು ಎರಡು ಸಲ ಇಳಿಯಿರಿ ಎಂದೆ. ಅವರು ಇಳಿಯಲಿಲ್ಲ. ಮುಟ್ಟಬಾರದು ಎಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಇಂಜೆಕ್ಟರಿನ ಎದುರು ನಿಂತೇ ಇದ್ದರು, ತಪ್ಪು ಮಾಡಿದವರ ಹಾಗೆ. ಯಾಕೆಂದು ಆಗ ತಿಳಿಯಲಿಲ್ಲ.

ಕೆಂಪು ಪೂರಾ ಮುಚ್ಚಿದ ಮೇಲೆ ಮೂವರೂ ಇಳಿದು ನಡೆದೆವು. ಓಡಬಾರದು ಎಂದು ನಾನೇ ಹೇಳಿದೆ, ಬಿದ್ದರೆ ಕಷ್ಟ. ಬೆನ್ನಿಗೆ ತೊಂಬತ್ತು ಪೌಂಡು ಉಗಿ ಇಟ್ಟುಕೊಂಡು ನಿಧಾನ ನಡೆಯುವುದು ಏನೆಂದು ನಡೆದವರಿಗೇ ಗೊತ್ತು. ತೂಕದ ಮನೆಯ ಗೋಡೆಯ ಹಿಂದೆ ಕೂತು, ಮೊಬೈಲ್ ಕ್ಯಾಮೆರಾ ಹಿಗ್ಗಿಸಿ ಒತ್ತಡದ ಸೂಜಿ ನೋಡಿದೆ. ತೊಂಬತ್ತು. ಹತ್ತು ನಿಮಿಷ ಬಿಟ್ಟು ನೋಡಿದೆ. ತೊಂಬತ್ತು. ಅಷ್ಟು ಹಿಗ್ಗಿಸಿದ ಚಿತ್ರ ನಿಲ್ಲುತ್ತಿರಲಿಲ್ಲ. ಫೈರ್‌ಮನ್ ತಮ್ಮ ಹೆಗಲು ಕೊಟ್ಟರು, ಅದರ ಮೇಲೆ ಮೊಬೈಲು ಇಟ್ಟು ಹಿಡಿದೆ. ಕೊನೆಗೆ ಎಂಬತ್ತೆಂಟು ಎಂದು ಕಂಡಿತು. ಅರವತ್ತಕ್ಕೆ ಬಂದಾಗ ಫೈರ್‌ಮನ್ ತಂಬಾಕು ತಿಕ್ಕಿದರು.

ಮರುದಿನ ಪೂರ್ತಿ ತಣಿದ ಮೇಲೆ ಬಾಯ್ಲರಿನ ತಳದ ಮುಚ್ಚಳ ಬಿಚ್ಚಿದೆವು. ನೀರಿನ ಹಿಂದೆ ಲೋಳೆ ಬಂತು, ಗಂಜಿಯಷ್ಟು ಮಂದ. ಅದರಲ್ಲಿ ಉಬ್ಬಿದ ಕಂದು ಕಾಳುಗಳು. ಅಂಗೈಯಲ್ಲಿ ಹಿಡಿದು ಮೂಸಿದೆ. ನಮ್ಮ ಕಡೆ ಯಾವ ಮನೆಯಲ್ಲಾದರೂ ಚಟ್ನಿಪುಡಿಗೆ ಎಣ್ಣೆಕಾಳು ಹುರಿಯುವ ವಾಸನೆ ಅದು.

ಮಿಸ್ತ್ರಿ ಬೇವಿನ ಬೊಡ್ಡೆಗೆ ಒರಗಿ ಕೂತಿದ್ದರು. ಅವರ ಎದುರು ಹೋಗಿ ಕೈ ಚಾಚಿದೆ.

“ಅಗಸಿ ಹಾಕೀರೇನ್ ಕಾಕಾ?”

“ಹಾಕೇನಿ.”

“ಎಷ್ಟ?”

“ಎರಡ ಸೇರ.”

“ಕುಟ್ಟಿ ಹಾಕಿದ್ರೋ, ಕಾಳ ಹಾಕಿದ್ರೋ?”

“ಅರ್ಧಾ ಕುಟ್ಟಿ.” ನನ್ನ ಅಂಗೈಯ ಲೋಳೆ ನೋಡುತ್ತ ಹೇಳಿದರು, “ಬನಹಟ್ಟ್ಯಾಗ ಗಂಜಿ ಬಾಯ್ಲರ್ ಸೋರಿದ್ರ ಹಿಂಗ ಮಾಡ್ತಿದ್ವಿ. ಹದಿನೈದ ದಿನ ದಾಟತಿತ್ತು. ಒಂದೂ ಒಡದಿದ್ದಿಲ್ಲ.”

ಆ ಬಾಯ್ಲರುಗಳ ಒತ್ತಡ ಇದರ ಕಾಲು ಭಾಗವೂ ಇಲ್ಲ ಎಂದು ನಾನು ಹೇಳಬಹುದಿತ್ತು. ನೆನೆದ ಅಗಸೆ ಬೀಜದ ಲೋಳೆ ತಣ್ಣೀರಿನ ಪರೀಕ್ಷೆಯಲ್ಲಿ ಬಿರುಕಿಗೆ ಹೋಗಿ ಕೂರುತ್ತದೆ, ಬೆಂಕಿ ತಾಗಿದ ಮೇಲೆ ಅಲ್ಲಿಂದ ಕಿತ್ತು ಸಿಕ್ಕ ಸಣ್ಣ ದಾರಿಯನ್ನೆಲ್ಲ ಕಟ್ಟುತ್ತದೆ ಎಂದೂ ಹೇಳಬಹುದಿತ್ತು. ಅವರಿಗೆ ಅದೆಲ್ಲ ನಿನ್ನೆಯೇ ಅರ್ಥವಾಗಿತ್ತು. ನಾನು ಬಾಯ್ಲರಿನಲ್ಲಿ ಉಳಿದ ನೀರಿನ ಗುರುತು ಅಳೆದು ಬಂದದ್ದನ್ನಷ್ಟೇ ಹೇಳಿದೆ. ಭಟ್ಟಿಯ ಚಾವಣಿಯ ಮೇಲೆ ಎರಡು ಬೆರಳು ನೀರು ಇತ್ತು. ಇನ್ನು ಹದಿನೈದು ನಿಮಿಷ ಓಡಿಸಿದ್ದರೆ ಅದೂ ಇರುತ್ತಿರಲಿಲ್ಲ. ಅವರು ತಮ್ಮ ಎರಡು ಬೆರಳು ಕೂಡಿಸಿ ನೋಡಿಕೊಂಡರು.

“ಗುಜರಿಯವರು ಗ್ಯಾಸ್ ಹಚ್ಚಿ ಕೊಯ್ತಾರ, ಯವ್ವಾ. ನಮ್ಮಪ್ಪ ಕುಂತಿದ್ದ ಜಾಗಾನ ಮೊದಲ ಕೊಯ್ತಾರ. ಅದಕ್ಕ ಮಾಡೇನಿ.”

ಮ್ಯಾನೇಜರರ ಕೋಣೆಯಲ್ಲಿ ನಡೆದದ್ದು ಚಿಕ್ಕದು. ತೊಳೆದು ಸ್ವಚ್ಛ ಮಾಡಿ, ಹೊಸ ನೀರು ಹಾಕಿ, ಪ್ರದೀಪನದ ದಿನ ಅರ್ಧ ಗಂಟೆ ಮಾತ್ರ ಓಡಿಸಿ, ಸರ್ಟಿಫಿಕೇಟು ಇದೆಯಲ್ಲ ಎಂದರು. ಖರೆ, ಸರ್ಟಿಫಿಕೇಟು ಇತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಕಾಗದದ ಮೇಲೆ ಎಲ್ಲವೂ ಸರಿ ಇತ್ತು. ಮಿಸ್ತ್ರಿಯ ಹೆಸರು ಉಳಿಯುತ್ತಿತ್ತು, ಇಂಜಿನ್ನು ಉಳಿಯುತ್ತಿತ್ತು, ನನ್ನ ಸಹಿಯೂ ಉಳಿಯುತ್ತಿತ್ತು. ಡಬ್ಬಿಯಲ್ಲಿ ಮಕ್ಕಳು ಕೂರುತ್ತಿದ್ದರು.

ಪರೀಕ್ಷೆಯ ಪುಸ್ತಕ ತರಿಸಿ, ನನ್ನ ಸಹಿಯ ಕೆಳಗೆ ಅವರ ಎದುರೇ ಬರೆದೆ: ಈ ಪರೀಕ್ಷೆ ಸುಳ್ಳು, ಬಾಯ್ಲರ್ ಸೋರುತ್ತದೆ, ಬೆಂಕಿ ಹಾಕಬಾರದು. ಇನ್‌ಸ್ಪೆಕ್ಟರರಿಗೂ ಅದನ್ನೇ ಪತ್ರದಲ್ಲಿ ಬರೆದೆ. ಕಂದು ಹನಿ ಒರೆಸಿದ್ದನ್ನೂ ಬರೆದೆ. ಮಿಸ್ತ್ರಿಯ ಹೆಸರು ಬರೆಯಲು ಪೆನ್ನು ನಿಂತಾಗ ಅವರೇ ಬಾಗಿಲಲ್ಲಿದ್ದರು. ಬರಿಯಿರಿ ಬಾಯಾರ, ಹಾಕಿದಾಂವ ನಾನು, ಎಂದರು.

ಇನ್‌ಸ್ಪೆಕ್ಟರರು ಬಂದು ಲೋಳೆ ನೋಡಿದರು. ಪರವಾನಗಿ ವಾಪಸು ಪಡೆದರು. ನನ್ನನ್ನು ಹೊಗಳಲಿಲ್ಲ, ಬೈಯಲಿಲ್ಲ. ಎರಡನೇ ನೀರುಗಾಜು ಯಾಕೆ ಹಾಕಲಿಲ್ಲ ಎಂದು ಕೇಳಿದರು. ಆಮೇಲೆ ಮಾಡಿಸೋಣ ಎಂದವಳು ನಾನೇ ಎಂದು ಹೇಳಿದೆ.

ಪ್ರದೀಪನದ ದಿನ ಮಿಲಿಟರಿಯನ್ನು ಟ್ರ್ಯಾಕ್ಟರಿನಿಂದ ಎಳೆಸಿದರು. ಅದರ ಕೆಲಸ ಕಸಿದುಕೊಂಡದ್ದು ಟ್ರ್ಯಾಕ್ಟರೇ. ಮಿಸ್ತ್ರಿ ಡ್ರೈವರಿನ ಜಾಗದಲ್ಲಿ ಕೂತಿದ್ದರು. ಭಟ್ಟಿ ತಣ್ಣಗಿತ್ತು. ಮಕ್ಕಳಿಗೆ ಏನೂ ವ್ಯತ್ಯಾಸ ಕಾಣಲಿಲ್ಲ, ಅಷ್ಟೇ ಕೂಗಿದರು. ಅವರಿಗೆ ಮಿಸ್ತ್ರಿ ತೊಟ್ಟಿಯ ತಗ್ಗು ತೋರಿಸಿ ಜರ್ಮನಿ ಗುಂಡು ಎಂದು ಹೇಳಿದರು. ಬೆಂಕಿ ಇಡಲು ಬಂದಿದ್ದ ಹಿರಿಯರು ಇದು ಉಗಿಯಲ್ಲಿ ಯಾವಾಗ ಓಡುತ್ತದೆ ಎಂದು ಕೇಳಿದಾಗ, ಮ್ಯಾನೇಜರರು ಮೈಕಿನಲ್ಲಿ ಮುಂದಿನ ವರ್ಷ ಎಂದುಬಿಟ್ಟರು. ಅಷ್ಟು ಜನರ ಮುಂದೆ ಆಡಿದ ಮಾತು. ಎಥೆನಾಲ್ ಟ್ಯಾಂಕು ಗೇಟಿನ ಆಚೆ ಹೋಯಿತು.

ವರ್ಷ ಕಳೆಯಿತು. ಹಳೆಯ ಕೊಳವೆಗಳನ್ನೆಲ್ಲ ಕೊಯ್ದು ತೆಗೆದು ಹೊಸವು ಹಾಕಿದೆವು. ಕವಾಟವನ್ನು ಅಚ್ಚು ಮಾಡಿ ಎರಕ ಹೊಯಿಸಿ ಎರಡನೇ ನೀರುಗಾಜು ಕೂರಿಸಿದೆವು. ಮಿಸ್ತ್ರಿಯನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂದವರಿದ್ದರು. ಅದರ ಹೊಟ್ಟೆ ಅವರಷ್ಟು ಬಲ್ಲವರು ಈ ನಾಲ್ಕು ತಾಲೂಕಿನಲ್ಲಿ ಇಲ್ಲ ಎಂದು ನಾನು ಹೇಳಿದೆ. ಅವರ ಮೇಲಿನ ಸಿಟ್ಟು ಹೋಗಿತ್ತೇ ಎಂದರೆ, ಪೂರ್ತಿ ಹೋಗಿರಲಿಲ್ಲ.

ಒತ್ತಡ ಪರೀಕ್ಷೆಗೆ ನೀರು ತುಂಬುವ ದಿನ ಬೆಳಿಗ್ಗೆ ನಾನು ಮುಟ್ಟುವ ಮೊದಲೇ ಮಿಸ್ತ್ರಿ ಬಂದು ನಿಂತಿದ್ದರು. ಚಪ್ಪಲಿ ಕಳಚಿಟ್ಟು, ಅಂಗಿಯ ಕಿಸೆಯನ್ನು ಒಳಗು ಹೊರಗು ಮಾಡಿ ತೋರಿಸಿದರು. ಧೋತರದ ಗಂಟು ಬಿಚ್ಚಿ ಕೊಡವಿದರು. ಸುಣ್ಣದ ಡಬ್ಬಿ ತೆಗೆದು ಕಲ್ಲಿನ ಮೇಲಿಟ್ಟರು. ನಾನು ಕೇಳಿರಲಿಲ್ಲ. ಬೇಡ ಕಾಕಾ ಎನ್ನಬೇಕೆಂದು ಬಾಯಿಗೆ ಬಂತು. ಅನ್ನಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ನೋಡಿದೆ. ಸುಣ್ಣವೇ ಇತ್ತು.

ಅವರು ತಲೆ ಆಡಿಸಿದರು. ಸೂಜಿ ನೂರೈವತ್ತಕ್ಕೆ ಏರಿ ನಿಂತಿತು. ನಾನು ಪ್ರತಿ ಕೊಳವೆಯ ತುದಿಗೂ ಬೆರಳು ಇಟ್ಟು ನೋಡಿದೆ. ಎಲ್ಲಿಯೂ ಜಾರಲಿಲ್ಲ.

ಈಗ ವರ್ಷಕ್ಕೊಮ್ಮೆ ಮಿಲಿಟರಿ ತನ್ನ ಉಗಿಯಲ್ಲಿ ತಾನೇ ಓಡುತ್ತದೆ, ನೂರು ಮೀಟರು, ಹಿಂದೆ ಮಕ್ಕಳ ಡಬ್ಬಿ. ಪ್ರತಿ ಸಲ ನೀರು ತುಂಬುವ ಮುಂಚೆ ಮಿಸ್ತ್ರಿ ಕಿಸೆ ಹೊರಗೆ ತೆಗೆಯುತ್ತಾರೆ, ನಾನು ನೋಡುತ್ತೇನೆ. ಓಡುವಷ್ಟು ಹೊತ್ತು ಅವರು ಹಳಿಯನ್ನು ನೋಡುತ್ತಾರೆ. ನಾನು ಎರಡು ಗಾಜುಗಳಲ್ಲಿ ನೀರು ಕುಣಿಯುವುದನ್ನು ನೋಡುತ್ತಿರುತ್ತೇನೆ. ನಿಲ್ಲುವವರೆಗೆ ಮಕ್ಕಳ ಕಡೆ ತಿರುಗಲು ನನಗೆ ಇನ್ನೂ ಆಗಿಲ್ಲ.